ಮನೆಯೊಳಗೊಂದು ಠರಾವು ಪುಸ್ತಕ

ನಮ್ಮ ಮನೆಯಲ್ಲಿ ಒಂದು ಠರಾವು ಪುಸ್ತಕ, ಅಂದರೆ ಸಭೆಯ ನಿರ್ಣಯಗಳನ್ನು ಬರೆದಿಡುವ ಪುಸ್ತಕ ಇದೆ. ಸಹಕಾರಿ ಸಂಘಗಳಲ್ಲಿ ಇಡ್ತಾರಲ್ಲ, ಕೆಂಪು ಬೈಂಡಿನ ಉದ್ದನೆಯ ರಜಿಸ್ಟರ್, ಅದೇ. ಮೊದಲ ಸಲ ನೋಡಿದವರು ನಗುತ್ತಾರೆ. "ಮನಿ ನಡಸಾಕೂ ನಡಾವಳಿ ಬೇಕೇನ್ರಿ?" ಅಂತ ಕೇಳಿದವರೂ ಇದ್ದಾರೆ. ನಾನು ಗದಗಿನ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವಳು. ಸಭೆ, ಕೋರಂ, ಠರಾವು, ಆಡಿಟ್ ಇವೇ ನನ್ನ ದಿನದ ಮಾತು. ಮನೆಯಲ್ಲಿ ಯಾವುದಕ್ಕೆ ಬೆಲೆ ಕೊಡಬೇಕು, ಮಕ್ಕಳು ಏನನ್ನು ನೋಡಿ ಬೆಳೀಬೇಕು ಅನ್ನೋದನ್ನು ಉಳಿದವರು ಹೇಗೆ ತೀರ್ಮಾನ ಮಾಡ್ತಾರೋ, ನಮಗೆ ಗೊತ್ತಿದ್ದ ದಾರಿ ಇದು.

ಊರಲ್ಲಿದ್ದಾಗ ಈ ಪ್ರಶ್ನೆಯೇ ಬರುತ್ತಿರಲಿಲ್ಲ. ಮುಂಡರಗಿ ತಾಲೂಕಿನ ಹಳ್ಳಿ ನಮ್ಮದು. ಮಣ್ಣೆತ್ತಿನ ಅಮಾವಾಸ್ಯೆ ಬಂದರೆ ಮಕ್ಕಳು ಹೋಗಿ ಮಣ್ಣು ತಂದು ಎತ್ತು ಮಾಡಬೇಕು. ಪಂಚಮಿಗೆ ಜೋಕಾಲಿ ಕಟ್ಟಬೇಕು, ಉಂಡಿ ಕಟ್ಟಬೇಕು, ಕಟ್ಟಿದ್ದನ್ನು ಓಣಿಗೆಲ್ಲ ಬೀರಬೇಕು. ಸೀಗಿ ಹುಣ್ಣಿಮೆಗೆ, ಎಳ್ಳು ಅಮಾವಾಸ್ಯೆಗೆ ಬುತ್ತಿ ಹೊತ್ತು ಹೊಲಕ್ಕೆ ಹೋಗಿ ಚರಗ ಚೆಲ್ಲಬೇಕು. ಮೊದಲ ತುತ್ತು ಭೂಮಿತಾಯಿಗೆ, ಆಮೇಲೆ ನಮಗೆ. ಸಂಕ್ರಾಂತಿಗೆ ಕುಸುರೆಳ್ಳು, ದಸರೆಗೆ ಬನ್ನಿ ಹಿಡಿದುಕೊಂಡು ಮಾತು ಬಿಟ್ಟವರ ಮನೆಗೂ ಹೋಗಬೇಕು. "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅನ್ನುವಾಗ ಮುಖ ಗಂಟು ಹಾಕಿಕೊಂಡವರೂ ಸ್ವಲ್ಪ ನಗಲೇಬೇಕು. ಇದನ್ನೆಲ್ಲ ಯಾರೂ ಮೌಲ್ಯ, ಸಂಸ್ಕಾರ ಅಂತ ಕೂತು ಹೇಳಿಕೊಡಲಿಲ್ಲ. ದಿನ ಬಂತು, ದೊಡ್ಡವರು ಮಾಡಿದರು, ನಾವೂ ಮಾಡಿದೆವು.

ಗದಗಿಗೆ ಬಂದು ಬೆಟಗೇರಿ ಕಡೆ ಮನೆ ಮಾಡಿದ ಮೇಲೆ ಹಬ್ಬ ಉಳೀತು, ಹಬ್ಬದ ಕೆಲಸ ಹೋಯಿತು. ಮಣ್ಣೆತ್ತು ಸಂತೆಯಲ್ಲಿ ಜೋಡಿ ಲೆಕ್ಕದಲ್ಲಿ ಸಿಗುತ್ತೆ. ಉಂಡಿ ಅಂಗಡಿಯಿಂದ ಬರುತ್ತೆ. ಹೊಲವೇ ಇಲ್ಲ ಅಂದ ಮೇಲೆ ಚರಗ ಎಲ್ಲಿ ಚೆಲ್ಲೋದು? ನಮ್ಮನೆಯವರು ದಿನಾ ಹುಬ್ಬಳ್ಳಿಗೆ ಕೆಲಸಕ್ಕೆ ಹೋಗುತ್ತಾರೆ. ಗೋಕುಲ ರೋಡಿನ ಕಡೆ ಒಂದು ಕಾರ್ಖಾನೆ. ಬೆಳಿಗ್ಗೆ ಗಾಡಿ ಹತ್ತಿದರೆ ಮನೆ ಸೇರೋದು ರಾತ್ರಿನೇ, ಓವರ್‌ಟೈಮ್ ಇದ್ದರೆ ಇನ್ನೂ ತಡ. ಮಕ್ಕಳಿಗೆ ಟ್ಯೂಷನ್. ನನಗೆ ಮಾರ್ಚ್ ಬಂತೆಂದರೆ ಆಫೀಸೇ ಮನೆ. ಅತ್ತಿಯವರಿಗೆ ಟಿವಿ. ಐದು ಜನ ಐದು ಹೊತ್ತಿಗೆ ಉಣ್ಣುತ್ತಿದ್ದೆವು. ಜಗಳ ಏನೂ ಇರಲಿಲ್ಲ. ಜಗಳ ಆಡೋಕೂ ಎದುರಿಗೆ ಕೂರಬೇಕಲ್ವಾ?

ಶುರು ಮಾಡಿದ್ದು ಎಲ್ಲರೂ ಮಾಡುವ ಹಾಗೆಯೇ. ದೊಡ್ಡಾಕಿ ಆಗ ಏಳನೆಯ ತರಗತಿ. ಅವಳ ಕೈಯಲ್ಲಿ ಡ್ರಾಯಿಂಗ್ ಶೀಟಿನ ಮೇಲೆ ಬರೆಸಿದೆವು: ಸತ್ಯ, ಶಿಸ್ತು, ಗೌರವ, ಕಾಯಕ, ದಾಸೋಹ. ಸುತ್ತ ಹೂವಿನ ಬಾರ್ಡರ್. ಫ್ರಿಜ್ ಮೇಲೆ ಅಂಟಿಸಿದ್ದೂ ಆಯಿತು. ಚೆನ್ನಾಗೇ ಕಾಣುತ್ತಿತ್ತು. ಸ್ವಲ್ಪ ದಿನದಲ್ಲಿ ಅದರ ಮೇಲೆ ಹಾಲಿನವನ ಲೆಕ್ಕದ ಚೀಟಿ ಬಂತು, ಆಮೇಲೆ ಗ್ಯಾಸ್ ಬುಕ್ ಮಾಡಿದ ತಾರೀಖು ಬಂತು. ದಾಸೋಹ ಪೂರ್ತಿ ಮುಚ್ಚಿಹೋಯಿತು.

ನಮ್ಮ ಆಫೀಸಿನ ಗೋಡೆಯ ಮೇಲೂ ಇಂಥದೊಂದು ಬೋರ್ಡ್ ಇದೆ. ಐಸಿಎ ಅನ್ನುವ ಅಂತರರಾಷ್ಟ್ರೀಯ ಸಹಕಾರಿ ಸಂಸ್ಥೆ 1995ರಲ್ಲಿ ಒಪ್ಪಿಕೊಂಡ ಸಹಕಾರದ 7 ತತ್ವಗಳು. ಸಾಲಕ್ಕೆ ಬಂದವರು ಅದರ ಕೆಳಗೇ ಕೂತಿರುತ್ತಾರೆ, ತಲೆ ಎತ್ತಿ ಓದಿದವರನ್ನು ನಾನಂತೂ ನೋಡಿಲ್ಲ. ಹಾಗಂತ ಸಂಘದಲ್ಲಿ ತತ್ವ ಇಲ್ಲ ಅನ್ನೋಕಾಗಲ್ಲ. ಮಾರ್ಚ್ 31ಕ್ಕೆ ಲೆಕ್ಕ ಮುಗೀಬೇಕು. ಆಡಿಟ್ ಆಗಬೇಕು. ಸೆಪ್ಟೆಂಬರ್ ಮುಗಿಯೋದರೊಳಗೆ ಸಾಮಾನ್ಯ ಸಭೆ ಕರೀಬೇಕು. ಸಭೆಯಲ್ಲಿ ಒಬ್ಬ ಸದಸ್ಯನಿಗೆ ಒಂದೇ ಮತ, ಷೇರು ಎಷ್ಟೇ ಇರಲಿ. ಲಾಭ ಬಂದರೆ ಮೊದಲು ಕಾಲು ಭಾಗ ಕಾಯ್ದಿಟ್ಟ ನಿಧಿಗೆ, ಡಿವಿಡೆಂಡ್ ಮಾತು ಆಮೇಲೆ. ತಪ್ಪಿಸಿದರೆ ಕೇಳೋಕೆ ಇಲಾಖೆ ಇದೆ. ಬೋರ್ಡ್ ತೆಗೆದು ಹಾಕಿದರೂ ಸಂಘ ನಡೆಯುತ್ತೆ, ಸಭೆ ನಿಲ್ಲಿಸಿದರೆ ನಡೆಯಲ್ಲ. ಇದು ತಲೆಗೆ ಹೊಳೆದದ್ದೇ ನಾನು ಫ್ರಿಜ್ ಮೇಲಿನ ಚಾರ್ಟ್ ತೆಗೆದೆ.

ಗದಗದವರಿಗೆ ಸಹಕಾರ ಹೊಸದಲ್ಲ ಬಿಡಿ. ಪಕ್ಕದ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದ್ದರು. ಕಾಯ್ದೆ ಬಂದದ್ದು 1904ರಲ್ಲಿ, ಮರುವರ್ಷವೇ ಸಂಘ. ದೇಶದಲ್ಲೇ ಮೊದಲನೆಯದು ಅಂತ ನಮಗೆಲ್ಲ ಹೆಮ್ಮೆ. ಒಂದು ಊರಿನ ರೈತರು ತಮ್ಮ ಸಾಲ, ಬಡ್ಡಿ, ನಂಬಿಕೆ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದು ನಡೆಸೋಕಾಗುತ್ತೆ ಅಂದರೆ ಐದು ಜನರ ಮನೆ ಯಾವ ಲೆಕ್ಕ?

ಮೊದಲು ವಾರ ಗೊತ್ತು ಮಾಡಬೇಕಿತ್ತು. ಗದಗಿನಲ್ಲಿ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತೋಂಟದಾರ್ಯ ಮಠದ ಶಿವಾನುಭವ, ಅಂದರೆ ವಾರವಾರದ ಉಪನ್ಯಾಸ ಸಭೆ, ನಡೆಯೋದು ಸೋಮವಾರ. ತೋಂಟದ ಸಿದ್ಧಲಿಂಗ ಸ್ವಾಮಿಗಳು ನಡೆಸಿಕೊಂಡು ಬಂದದ್ದು. 2018ರಲ್ಲಿ ಅವರು ಲಿಂಗೈಕ್ಯರಾದ ಮೇಲೂ ಸೋಮವಾರ ಸೋಮವಾರವಾಗಿಯೇ ಇದೆ. ಉಪನ್ಯಾಸ ಯಾರದು, ವಿಷಯ ಏನು ಅಂತ ಗೊತ್ತಿಲ್ಲದಿದ್ದರೂ ಜನ ಮಠದ ಕಡೆ ಹೆಜ್ಜೆ ಹಾಕ್ತಾರೆ, ಯಾಕಂದರೆ ವಾರ ಗೊತ್ತು. ನಮ್ಮನೆಯವರಿಗೆ ಇದು ಒಂದೇ ಮಾತಿಗೆ ಒಪ್ಪಿಗೆಯಾಯಿತು. ವರ್ಷಗಟ್ಟಲೆ ಪಾಸ್ ಮಾಡಿಸಿಕೊಂಡು ಓಡಾಡಿದವರು. "ಟೈಮ್ ಟೇಬಲ್‌ನಾಗ ಇಲ್ಲದ ಗಾಡಿ ಕಾಯ್ಕೊಂತ ಕುಂತ್ರ ಬರತೈತೇನು?" ಅಂದರು. ಭಾನುವಾರ ರಾತ್ರಿ ಊಟ ಆದ ಮೇಲೆ ಅಂತ ಗೊತ್ತಾಯಿತು. ನಲ್ಲಿ ನೀರು ಬಂದ ದಿನ ಮಾತ್ರ ಮುಂದೂಡಿಕೆ. ನಮ್ಮ ಊರಲ್ಲಿ ನೀರು ಬಂದರೆ ಯಾವ ಸಭೆಯೂ ನಿಲ್ಲಲ್ಲ. ಕೊಡ, ಬ್ಯಾರಲ್, ಸಿಂಟೆಕ್ಸ್ ಎಲ್ಲ ತುಂಬಿದ ಮೇಲೇ ಉಳಿದ ಮಾತು.

ನಿಯಮ ಜಾಸ್ತಿ ಇಡಲಿಲ್ಲ. ಅತ್ತಿಯವರಿಗೂ ಒಂದು ಮತ, ಮೂರನೆಯ ತರಗತಿಯ ಸಣ್ಣಾಂವನಿಗೂ ಒಂದು ಮತ. ಅಧ್ಯಕ್ಷತೆ ಪಾಳಿಯ ಮೇಲೆ. ನಾಲ್ಕು ಜನ ಇದ್ದರೆ ಕೋರಂ, ಸಭೆ ನಡೆಸಬಹುದು. ಆಗಿದ್ದನ್ನು ಆಗಿದ್ದ ಹಾಗೇ ಬರೆಯೋದು, ಬರೆಯುವವರು ಆ ದಿನದ ಅಧ್ಯಕ್ಷರಲ್ಲ. ಸಣ್ಣಾಂವನ ಅಧ್ಯಕ್ಷತೆಯ ಸಭೆಗಳು ಬೇಗ ಮುಗೀತಿದ್ದವು. "ಮುಂದಿನ ವಿಷ್ಯಾ" ಅನ್ನೋದು ಅವನಿಗೆ ಭಾಳ ಹಿಡಿಸಿತ್ತು. ನಾವು ಮಾತಾಡ್ತಿರುವಾಗಲೇ ಅಂದುಬಿಡ್ತಿದ್ದ.

ಅತ್ತಿಯವರು ಮೊದಮೊದಲು ಗೋಡೆಗೆ ಒರಗಿ ಕೂತು ನೋಡ್ತಿದ್ದರು. "ನಾವೇನ್ ಆಫೀಸ್ ಇಟ್ಟೀವೇನವ್ವಾ ಇಲ್ಲಿ? ಹಿರ್ಯಾರು ಹೇಳಿದ್ದು ಕೇಳಿದ್ರಾತು" ಅಂತ ಅವರ ವಾದ. ಸುಳ್ಳಲ್ಲ. ಹಿರಿಯರು ಹೇಳಿದ್ದು ಕೇಳುವ ಮನೆಯಲ್ಲೇ ನಾನೂ ಬೆಳೆದದ್ದು. ಆದರೆ ಆ ಹಿರಿಯರು ಇಡೀ ದಿನ ಕಣ್ಣೆದುರು ಇರುತ್ತಿದ್ದರು. ಹೊಲದಲ್ಲಿ, ಹಿತ್ತಲಲ್ಲಿ, ಅಡುಗೆಮನೆಯಲ್ಲಿ. ಹೇಳದಿದ್ದರೂ ಕಾಣುತ್ತಿತ್ತು. ಈಗ ಮಕ್ಕಳಿಗೆ ನಾವು ಕಾಣೋದು ಎಷ್ಟು ಹೊತ್ತು?

ಮೊದಲ ಠರಾವು ಒಟ್ಟಿಗೆ ಕೂತು ಉಣ್ಣೋದು. ಸರಳ ಅನ್ನಿಸುತ್ತೆ, ಅಲ್ವಾ? ನಮ್ಮನೆಯವರು ಬರೋ ಹೊತ್ತಿಗೆ ಸಣ್ಣಾಂವ ಹಸಿದು ಸೊಪ್ಪಾಗಿ ಮಲಗಿಬಿಡ್ತಿದ್ದ. ಎಬ್ಬಿಸಿ ಉಣ್ಣಿಸಿದರೆ ಅಳು. ಹಾಗಾಗಿ ಠರಾವಿಗೆ ತಿದ್ದುಪಡಿ ಬಂತು: ಹಸಿವಾದವರು ಹಸಿವಾದಾಗ ರೊಟ್ಟಿ ತಿನ್ನಬಹುದು, ಮಜ್ಜಿಗೆ ಅನ್ನ ಮಾತ್ರ ಎಲ್ಲರೂ ಕೂತ ಮೇಲೆ. ಕೊನೆಯ ನಾಲ್ಕು ತುತ್ತು ಕೂಡಿ ಉಣ್ಣೋದು ಅಂತ ಅರ್ಥ. ಪುಸ್ತಕದಲ್ಲಿ ಇವತ್ತಿಗೂ ನಿಂತಿರುವ ಠರಾವು ಅದು. ಮನೆಗೆ ಬಂದ ಬೀಗರಿಗೂ ಅನ್ವಯ. ಪೂರ್ತಿ ಊಟ ಒಟ್ಟಿಗೇ ಆಗಬೇಕು ಅಂತ ನಾನು ಹಟ ಹಿಡಿದಿದ್ದರೆ ಅದು ತಿಂಗಳೊಪ್ಪತ್ತಿನಲ್ಲಿ ಸತ್ತಿರೋದು.

ಇನ್ನು ಚಹಾದ ಕಪ್ಪಿನ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕಂದರೆ ನಮ್ಮ ಸಭೆ ಆಟ ಹೋಗಿ ನಿಜವಾದದ್ದು ಅವತ್ತು.

ಭಾಂಡೆ ತಿಕ್ಕಲು ಬರುವ ಅಕ್ಕನಿಗೆ ನಮ್ಮಲ್ಲಿ ಬೇರೆ ಕಪ್ಪು ಇತ್ತು. ಸ್ಟೀಲಿನದು, ಕಿವಿ ಇಲ್ಲದ್ದು, ಹಿತ್ತಲ ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿಡುವುದು. ಅತ್ತಿಯವರ ಕಾಲದಿಂದ ಬಂದ ರೂಢಿ. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಇಂಥದೊಂದು ಕಪ್ಪು ಇಂಥದೊಂದು ಜಾಗದಲ್ಲಿ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳಲ್ಲ. ವಿಷಯಪಟ್ಟಿಯಲ್ಲಿ ದೊಡ್ಡಾಕಿ ಬರೆದಳು: "ಕಪ್ಪು." ಅಷ್ಟೇ ಬರೆದಿದ್ದಳು. ಓದಿದ ಸಣ್ಣಾಂವ "ಯಾವ ಕಪ್ಪು? ವರ್ಲ್ಡ್ ಕಪ್ಪಾ?" ಅಂದ.

ಅವಳು ನೇರವಾಗಿ ಆಯಿಯನ್ನೇ, ಅಂದರೆ ಅತ್ತಿಯವರನ್ನೇ ಕೇಳಿದಳು. "ಆಯಿ, ಡಂಬಳದಾಗ ಎಲ್ಲಾರ ಮನಿ ರೊಟ್ಟಿ ತಿಂತೀ. ಇಲ್ಲಿ ಕಪ್ಪು ಯಾಕ ಬ್ಯಾರೆ?"

ಡಂಬಳ ನಮ್ಮ ಊರಿಗೆ ಹತ್ತಿರ. ಅಲ್ಲಿನ ತೋಂಟದಾರ್ಯ ಮಠದ ಜಾತ್ರೆಗೆ ರೊಟ್ಟಿ ಜಾತ್ರೆ ಅಂತಲೇ ಹೆಸರು. ಮನೆಮನೆಯಲ್ಲಿ ಹೆಣ್ಣುಮಕ್ಕಳು ಮೊದಲೇ ಕಟಿರೊಟ್ಟಿ ಮಾಡಿಟ್ಟು ಮಠಕ್ಕೆ ಮುಟ್ಟಿಸುತ್ತಾರೆ. ಯಾರ ಮನೆಯ ರೊಟ್ಟಿ ಯಾರ ಕೈಗೆ ಬರುತ್ತೋ ದೇವರೇ ಬಲ್ಲ. ಜಾತಿ ಕೇಳೋರಿಲ್ಲ. ಬಜ್ಜಿ, ಕರಿಂಡಿ ಹಾಕಿಸಿಕೊಂಡು ಸಾಲಿನಲ್ಲಿ ಕೂತು ಉಣ್ಣೋದು. ಕರಿಂಡಿಯ ಖಾರಕ್ಕೆ ಎಲ್ಲರ ಮೂಗಲ್ಲೂ ಒಂದೇ ನೀರು. ಅತ್ತಿಯವರು ಹೆಮ್ಮೆಯಿಂದ ಹೇಳಿಕೊಳ್ಳುವ ಜಾತ್ರೆ ಅದು. ಮಕ್ಕಳಿಗೆ ಸಾವಿರ ಸಲ ಹೇಳಿರಬೇಕು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು, "ಅದು ಮಠ. ಇದು ಮನಿ."

ಆ ಉತ್ತರಕ್ಕೆ ನಾನು ಬೆಲೆ ಕೊಡ್ತೀನಿ. ಸುತ್ತಿ ಬಳಸಿ ಮಾತಾಡಲಿಲ್ಲ. ನಾವೆಲ್ಲ ಮಾಡೋದು ಅದನ್ನೇ ಅಲ್ವಾ? ದೊಡ್ಡ ಮಾತಿಗೆ ಮಠ ಇದೆ, ವೇದಿಕೆ ಇದೆ, ಮನೆಯ ರೂಢಿ ಮನೆಯಲ್ಲಿ. ನಡುವಿನ ಹೊಸ್ತಿಲು ಕಾಣೋದು ಮಕ್ಕಳಿಗೆ ಮಾತ್ರ.

ಮತಕ್ಕೆ ಹಾಕಿದೆವು. ಕಪ್ಪು ತೆಗೆಯೋಣ ಅಂತ ನಾನು, ದೊಡ್ಡಾಕಿ, ಸಣ್ಣಾಂವ. ಬೇಡ ಅಂತ ಅತ್ತಿಯವರು. ನಮ್ಮನೆಯವರು ಒಮ್ಮೆ ಅವ್ವನ ಮುಖ, ಒಮ್ಮೆ ನನ್ನ ಮುಖ ನೋಡಿ "ನಾ ತಟಸ್ಥ" ಅಂದರು. ತಟಸ್ಥ ಇದ್ದವರು ಆ ವಾರ ಭಾಂಡೆ ತಿಕ್ಕಬೇಕು ಅಂತ ದೊಡ್ಡಾಕಿ ಆಗಿಂದಾಗಲೇ ಇನ್ನೊಂದು ಠರಾವು ತಂದಳು. ಅದೂ ಪಾಸಾಯಿತು. ಅತ್ತಿಯವರು ಎದ್ದು ಒಳಗೆ ಹೋದರು. ಸಂಘದ ಭಾಷೆಯಲ್ಲಿ ಅದು ಸಭಾತ್ಯಾಗ. ದೊಡ್ಡಾಕಿ ಹಾಗೆಯೇ ಬರೆದಿದ್ದಾಳೆ ಕೂಡ.

ಮರುದಿನ ಬೆಳಿಗ್ಗೆ ನಾನು ಅಕ್ಕನಿಗೆ ನಮ್ಮ ಪಿಂಗಾಣಿ ಕಪ್ಪಿನಲ್ಲಿ ಚಹಾ ಕೊಟ್ಟೆ. ಅವಳು ಕಪ್ಪನ್ನು ಒಮ್ಮೆ ನೋಡಿದಳು, ಕಿಟಕಿಯ ಕಟ್ಟೆಯನ್ನೊಮ್ಮೆ ನೋಡಿದಳು.

"ಅಕ್ಕಾರ, ನನ್ ಕಪ್ಪು ಎಲ್ಲೈತ್ರಿ?"

ನಾನು ವಿಷಯ ಹೇಳಿದೆ. ಅವಳು ನಕ್ಕುಬಿಟ್ಟಳು. "ಅದನ್ನ ತಗದ್ರ ನನಗ ಲುಕ್ಸಾನ್ರಿ. ನಿಮ್ಮ ಕಪ್ಪಿನ್ಯಾಗ ಎಷ್ಟ್ ಹಿಡಿತೈತಿ? ಎರಡ ಗುಟುಕು. ಇಷ್ಟ ಮನಿ ತಿಕ್ಕಾಕಿ ನಾ, ನನಗ ದೊಡ್ಡ ಕಪ್ಪು ಬೇಕ್ರಿ."

ಮುಂದಿನ ಭಾನುವಾರ ಇದನ್ನು ಸಭೆಗೆ ವರದಿ ಮಾಡಿದೆ. ಯಾರ ಬಗ್ಗೆ ಠರಾವು ಮಾಡ್ತೀವೋ ಅವರನ್ನು ಮೊದಲು ಕೇಳಬೇಕು ಅಂತ ಒಂದು ಸಾಲು ಪುಸ್ತಕದ ಮೊದಲ ಪುಟಕ್ಕೆ ಸೇರಿತು. ಆಮೇಲೆ ಎಲ್ಲರಿಗೂ ಒಂದೇ ನಮೂನೆಯ ದೊಡ್ಡ ಸ್ಟೀಲ್ ಕಪ್ಪು ತಂದೆವು, ಅರ್ಧ ಡಜನ್. ಪಿಂಗಾಣಿಯವು ಷೋಕೇಸ್ ಸೇರಿದವು. ಅಕ್ಕ ಈಗ ಅಡುಗೆಮನೆಯ ಬಾಗಿಲಿಗೆ ಒರಗಿ ಕೂತು ಚಹಾ ಕುಡೀತಾಳೆ, ಒಳಗೆ ಬಾ ಅಂದರೂ ಅಲ್ಲೇ ಗಾಳಿ ಛಲೋ ಐತಿ ಅಂತಾಳೆ. ಅತ್ತಿಯವರು? ಅವರು ಕಪ್ಪಿನಲ್ಲಿ ಕುಡಿಯೋದನ್ನೇ ಬಿಟ್ಟು ತಮ್ಮ ಹಳೆಯ ಹಿತ್ತಾಳೆ ವಾಟಗಕ್ಕೆ ಹೋದರು. ಅದಕ್ಕೆ ನಾವು ಯಾರೂ ಠರಾವು ತರಲಿಲ್ಲ. ಎಂಬತ್ತರ ಹತ್ತಿರ ಇರುವವರ ಕೈಯಿಂದ ವಾಟಗ ಕಿತ್ತುಕೊಂಡು ಸಮಾನತೆ ಕಲಿಸೋದು ನನಗೆ ಸರಿ ಕಾಣಲಿಲ್ಲ. ಮಕ್ಕಳಿಗೆ ಬೇರೆ ಕಪ್ಪು ಕಾಣಬಾರದು ಅನ್ನೋದು ನಮ್ಮ ಗುರಿ, ಅದಾಗಿತ್ತು.

ಸ್ವಲ್ಪ ದಿನ ಅತ್ತಿಯವರು ಸಭೆಗೆ ಬರಲಿಲ್ಲ. ನಾಲ್ಕು ಜನರ ಕೋರಂ ಹಾಗೂ ಹೀಗೂ ನಡೀತಿತ್ತು. ಅವರು ವಾಪಸು ಬಂದದ್ದು ರೊಟ್ಟಿಯಿಂದ.

ಡಂಬಳದ ಜಾತ್ರೆ ಹತ್ತಿರ ಬಂದಿತ್ತು. ಗದಗಿಗೆ ಬಂದ ಮೇಲೆ ನಾವು ರೊಟ್ಟಿ ಕಳಿಸೋದು ನಿಂತೇ ಹೋಗಿತ್ತು, ಜಾತ್ರೆಗೆ ಹೋದರೆ ಬರಿಗೈಯಲ್ಲಿ ಹೋಗಿ ಉಂಡು ಬರೋದು. ಅತ್ತಿಯವರು ಒಂದು ಭಾನುವಾರ ತಾವೇ ಬಂದು ಕೂತರು. "ನಂದೂ ಒಂದ್ ವಿಷ್ಯ ಐತಿ, ಬರ್ಕೋರಿ. ಈ ಸಲ ಮನಿಯಿಂದ ರೊಟ್ಟಿ ಹೋಗ್ಬೇಕು. ಮತ್ತ, ಗಂಡಸೂರೂ ಬಡೀಬೇಕು."

ನಮ್ಮನೆಯವರು ಬಾಯಿ ತೆರೆದರು. ತಟಸ್ಥ ಅನ್ನುವ ಧೈರ್ಯ ಈ ಸಲ ಇರಲಿಲ್ಲ. ಐದಕ್ಕೆ ಐದು ಮತ. ನಮ್ಮ ಪುಸ್ತಕದ ಮೊದಲ ಸರ್ವಾನುಮತದ ಠರಾವು ಅದು.

ಆ ಶನಿವಾರ ಅಡುಗೆಮನೆಯಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಅತ್ತಿಯವರು ಮಣೆಯ ಮೇಲೆ ಕೂತು ಹುಕುಂ ಕೊಡ್ತಿದ್ದರು. ಎಸರು ಕಾದ ಮೇಲೆ ಹಿಟ್ಟಿನ ನಡುವೆ ಗುಂಡಿ ಮಾಡಿ ಸುರಿಯೋದು, ಕೈ ಸುಡುವಾಗಲೇ ಕಲಸೋದು, ಆರಿದ ಮೇಲೆ ಕಲಸಿದರೆ ರೊಟ್ಟಿ ಬಿರಿಯುತ್ತೆ. ನಮ್ಮನೆಯವರು ಕಾರ್ಖಾನೆಯಲ್ಲಿ ಕಬ್ಬಿಣ ಹಿಡಿದ ಕೈ, ಬಡಿದರೆ ಪಕ್ಕದ ಮನೆಗೂ ಕೇಳಿಸಬೇಕು. ಹಿಟ್ಟು ಮಣೆಗೆ ಅಂಟಿ ಕೂತಿತು. "ಜೋರಾಗಿ ಬಡೀಬ್ಯಾಡೋ. ಅಂಗೈ ಅಂಚಿಲೆ ಬಡಿ. ಬಡದಂಗ ಅದು ತಾನ ತಿರಗಬೇಕು, ನೀ ತಿರುಗಸಬಾರ್ದು" ಅಂತ ಅತ್ತಿಯವರು ಅವರ ಕೈ ಮೇಲೆ ತಮ್ಮ ಕೈ ಇಟ್ಟು ತೋರಿಸಿದರು. ನಾನು ಈ ಮನೆಗೆ ಬಂದ ಹೊಸದರಲ್ಲಿ ನನಗೂ ಹಾಗೇ ತೋರಿಸಿದ್ದರು. ಹಿಟ್ಟು ಒತ್ತಿ ಒತ್ತಿ ಕೊನೆಗೆ ಒಂದು ರೊಟ್ಟಿ ತಿರುಗಿತು. ನೆಟ್ಟಗೆ ಗುಂಡಗಿರಲಿಲ್ಲ, ಆದರೆ ತಿರುಗಿತು. ಸಣ್ಣಾಂವನ ಕೆಲಸ ಹಂಚಿನ ಮೇಲೆ ಹಾಕಿದ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರುವುದು. ಬೆರಳು ಎಲ್ಲಿ ಸುಡುತ್ತೋ ಅಂತ ಬಟ್ಟೆಯ ತುದಿ ಮಾತ್ರ ತಾಗಿಸ್ತಿದ್ದ. ಮೊದಮೊದಲ ರೊಟ್ಟಿಗಳ ಮೇಲೆ ಒಣ ಹಿಟ್ಟು ಹಾಗೇ ಬೆಳ್ಳಗೆ ಉಳಿದಿತ್ತು. ಅತ್ತಿಯವರು ಅವನ್ನೂ ತೆಗೆದಿಡಲಿಲ್ಲ. "ಹೋಗ್ಲಿ ಬಿಡು, ಯಾರರ ಹಸದವರು ತಿಂತಾರ" ಅಂತ ಬುಟ್ಟಿಗೆ ಸೇರಿಸಿದರು.

ಅವತ್ತು ನನಗೆ ಸ್ಪಷ್ಟ ಆದದ್ದು ಇದು. ಕಾಯಕ, ದಾಸೋಹ ಅಂತ ಫ್ರಿಜ್ ಮೇಲೆ ಅಂಟಿಸಿದಾಗ ಅತ್ತಿಯವರಿಗೆ ಅದರಲ್ಲಿ ಮಾಡೋ ಕೆಲಸ ಇರಲಿಲ್ಲ. ಸಭೆಯಲ್ಲಿ ಮತ ಹಾಕುವಾಗಲೂ ಅವರು ಐವರಲ್ಲಿ ಒಬ್ಬರು, ಅದೂ ಸೋತವರು. ರೊಟ್ಟಿಯ ಮಣೆಯ ಮುಂದೆ ಅವರೇ ಹೆಡ್. ಮನೆಗೊಂದು ರೀತಿ ಕಟ್ಟಬೇಕು ಅಂತ ಹೊರಟವರು ಎಲ್ಲ ಹೊಸದನ್ನೇ ತರೋಕೆ ಹೋದರೆ ಹಿರಿಯರಿಗೆ ಮೂಲೆಯೇ ಗತಿ. ಅವರಿಗೆ ಗೊತ್ತಿರುವ ಒಂದು ಕೆಲಸವಾದರೂ ನಡುಮನೆಗೆ ಬರಬೇಕು.

ದುಡ್ಡಿನ ವಿಷಯ ಬೇಗ ಹೇಳಿಬಿಡ್ತೀನಿ. ಸಂಬಳ ಬಂದ ದಿನ ಮೊದಲು 500 ರೂಪಾಯಿ ಒಂದು ಡಬ್ಬಿಗೆ. ಉಳಿದರೆ ಕೊಡೋಣ ಅನ್ನುವ ಮಾತೇ ಇಲ್ಲ, ಯಾಕಂದರೆ ಉಳಿಯಲ್ಲ. ಕಾಯ್ದಿಟ್ಟ ನಿಧಿಯ ಲೆಕ್ಕವೇ ಇಲ್ಲೂ. ಮಕ್ಕಳು ತಮಗೆ ಬಂದ ಉಡುಗೊರೆ ದುಡ್ಡಿನಲ್ಲಿ ಇಷ್ಟ ಬಂದಷ್ಟು ಹಾಕಬಹುದು, ಹಾಕದೆಯೂ ಇರಬಹುದು. ಡಬ್ಬಿ ಎಲ್ಲಿಗೆ ಹೋಗಬೇಕು ಅನ್ನೋದು ಮಾತ್ರ ಸಭೆಯಲ್ಲಿ ಗೊತ್ತಾಗಬೇಕು. ಸಣ್ಣಾಂವ ಪ್ರತಿ ಸಲ ಓಣಿಯ ನಾಯಿಗಳ ಪರ. ದೊಡ್ಡಾಕಿ ಪುಸ್ತಕದ ಪರ. ಅತ್ತಿಯವರು ವೀರೇಶ್ವರ ಪುಣ್ಯಾಶ್ರಮದ ಪರ. ಸಾಮಾನ್ಯವಾಗಿ ಅವರೇ ಗೆಲ್ಲುತ್ತಾರೆ, ನಾಯಿಗಳಿಗೂ ಸ್ವಲ್ಪ ಹೋಗುತ್ತೆ.

ಪುಣ್ಯಾಶ್ರಮ ಗದಗಿನ ಪುಣ್ಯ. ಕಣ್ಣಿಲ್ಲದ ಮಕ್ಕಳಿಗೆ ಅನ್ನ, ವಸತಿ ಕೊಟ್ಟು ಸಂಗೀತ ಕಲಿಸುವ ಜಾಗ. ಪಂಚಾಕ್ಷರಿ ಗವಾಯಿಗಳು ಕಟ್ಟಿದ್ದು, ಅವರ ಶಿಷ್ಯ ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವ ತನಕ ನಡೆಸಿದ್ದು. ಗುರು, ಶಿಷ್ಯ ಇಬ್ಬರಿಗೂ ಕಣ್ಣಿರಲಿಲ್ಲ. ದುಡ್ಡು ಕೊಟ್ಟು ರಸೀದಿ ತಗೊಂಡು ಬರೋದಕ್ಕಿಂತ ಜೋಳ ಒಯ್ಯೋಣ ಅಂತ ನಾವು ಗೊತ್ತು ಮಾಡಿದ್ದೆವು, ಮಕ್ಕಳ ಕೈಗೆ ಭಾರ ಗೊತ್ತಾಗಲಿ ಅಂತ. ಚೀಲ ಇಳಿಸುವಾಗ ಸಣ್ಣಾಂವನ ವಯಸ್ಸಿನ ಹುಡುಗನೊಬ್ಬ ಹತ್ತಿರ ಬಂದ. "ಏನ್ ತಂದೀರಿ?" ಅಂದ. ಸಣ್ಣಾಂವ ಜೋಳ ಅಂದ. ಆ ಹುಡುಗ ಚೀಲದೊಳಗೆ ಕೈ ಹಾಕಿ ಒಂದು ಹಿಡಿ ಬೆರಳ ಸಂದಿನಿಂದ ಜಾರಿಸಿ, "ಹೊಸಾ ಜೋಳ" ಅಂತ ಹೇಳಿ ಹೋದ. ದಾರಿಯುದ್ದಕ್ಕೂ ಸಣ್ಣಾಂವನದು ಒಂದೇ ಪ್ರಶ್ನೆ, ಹೊಸದು ಅಂತ ಹೆಂಗ ಗೊತ್ತಾತು? ಮನೆಗೆ ಬಂದು ಹಳೆಯ ಜೋಳದ ಡಬ್ಬಿಯಲ್ಲಿ ಕೈ ಹಾಕಿ ನೋಡಿದ. ನನಗೂ ಹೇಳೋಕೆ ಬರಲಿಲ್ಲ. ಅತ್ತಿಯವರನ್ನು ಕೇಳು ಅಂದೆ.

ಸತ್ಯ ಅನ್ನೋದು ಚಾರ್ಟಿನ ಮೊದಲ ಪದ. ಅದಕ್ಕೊಂದು ಠರಾವು ಮಾಡೋದು ಎಲ್ಲಕ್ಕಿಂತ ಕಷ್ಟ ಆಯಿತು. ಸುಳ್ಳು ಹೇಳಬಾರದು ಅಂತ ಬರೆದರೆ ಏನು ಪ್ರಯೋಜನ? ಮಕ್ಕಳು ಸುಳ್ಳು ಹೇಳೋದು ಬೈಗುಳಕ್ಕೆ ಹೆದರಿ. ಹಾಗಾಗಿ ನಾವು ಬರೆದದ್ದು ಹೀಗೆ: ತಾವಾಗಿ ಬಂದು ಹೇಳಿದವರಿಗೆ ಆ ದಿನ ಯಾರೂ ಬೈಯುವಂತಿಲ್ಲ. ಮಾತು ಮರುದಿನ.

ಇದರ ಪರೀಕ್ಷೆ ಬೇಗನೇ ಬಂತು. ದೊಡ್ಡಾಕಿ ಟ್ಯೂಷನ್ ತಪ್ಪಿಸಿ ಗೆಳತಿಯರ ಜೊತೆ ಭೀಷ್ಮ ಕೆರೆ ಕಡೆ ಹೋಗಿದ್ದಳು. ಅಲ್ಲಿನ ದೊಡ್ಡ ಬಸವಣ್ಣನ ಮೂರ್ತಿ ಊರಿಗೆಲ್ಲ ಕಾಣುತ್ತೆ, ಮಕ್ಕಳು ಸೇರೋದು ಅಲ್ಲೇ. ಭಾನುವಾರ ತಾನೇ ಹೇಳಿದಳು, ತಲೆ ಎತ್ತದೆ. ನಮ್ಮನೆಯವರ ಮುಖ ಕೆಂಪಾಯಿತು. ಮಾತಾಡುವಂತಿಲ್ಲ. ಎದ್ದು ಹೋಗಿ ಒಂದು ಚೊಂಬು ನೀರು ಕುಡಿದು ಬಂದು ಕೂತರು. ಸಣ್ಣಾಂವ ಅಧ್ಯಕ್ಷ. ಎಲ್ಲರ ಮುಖ ನೋಡಿ ಮೆಲ್ಲಗೆ "ಮುಂದಿನ ವಿಷ್ಯಾ?" ಅಂದ. ಮರುದಿನ ಸಂಜೆ ಮಾತಾಡುವ ಹೊತ್ತಿಗೆ ಸಿಟ್ಟು ಇಳಿದಿತ್ತು. ವಿಷಯ ಮಾತ್ರ ಉಳಿದಿತ್ತು. ಟ್ಯೂಷನ್ ಸರ್ ಹತ್ತಿರ ತಾನೇ ಹೋಗಿ ಹೇಳ್ತೀನಿ ಅಂದಳು, ಹೇಳಿದಳು. ಬೈಯದೆ ಬಿಟ್ಟರೆ ಮಕ್ಕಳು ತಲೆ ಮೇಲೆ ಕೂರ್ತಾರೆ ಅನ್ನೋರಿದ್ದಾರೆ. ನಾವು ಬೈಯೋದು ಬಿಟ್ಟಿಲ್ಲ, ಒಂದು ದಿನ ತಡ ಮಾಡಿದ್ದೀವಿ ಅಷ್ಟೇ.

ಸೋತ ಠರಾವುಗಳೂ ಇವೆ. ಮೊಬೈಲ್ ಬುಟ್ಟಿಯದು ಅದರಲ್ಲಿ ಮೊದಲು. ರಾತ್ರಿ ಎಲ್ಲರ ಫೋನು ಬುಟ್ಟಿಗೆ ಅಂತ ಬರೆದೆವು. ಆಫೀಸಿನಿಂದ ಮೆಸೇಜ್, ಬ್ಯಾಂಕಿನ ಓಟಿಪಿ, ಊರಿಂದ ಫೋನು, ಕೊನೆಗೆ ಕ್ರಿಕೆಟ್ ಸ್ಕೋರು. ಬುಟ್ಟಿಯಲ್ಲಿ ಉಳಿದದ್ದು ಅತ್ತಿಯವರ ಹಳೆಯ ಕೀಪ್ಯಾಡ್ ಫೋನು ಒಂದೇ. ಈಗ ನಿಯಮ ಬೇರೆ: ಎಲ್ಲರೂ ಕೂತಾಗ ಫೋನ್ ಎತ್ತುವವರು ಯಾಕೆ ಎತ್ತುತ್ತಿದ್ದೀನಿ ಅಂತ ಜೋರಾಗಿ ಹೇಳಿ ಎತ್ತಬೇಕು. "ಸುಮ್ನೆ ರೀಲ್ಸ್ ನೋಡಾಕ" ಅಂತ ಐದು ಜನರ ಮುಂದೆ ಹೇಳೋದು ಕಷ್ಟ. ನೀವೂ ಒಮ್ಮೆ ಹೇಳಿ ನೋಡಿ. ಇಂಗ್ಲಿಷ್ ಮಾತಾಡುವ ಬುಧವಾರ ಅಂತ ಒಂದಿತ್ತು, ಬುಧವಾರ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಬೆಳಿಗ್ಗೆ ಐದಕ್ಕೆ ಯೋಗ ಅಂತ ಒಂದಿತ್ತು. ಅದರ ಬಗ್ಗೆ ಹೇಳೋದೇನೂ ಇಲ್ಲ.

ಯುಗಾದಿ ದಿನ ನಮ್ಮ ವಾರ್ಷಿಕ ಸಭೆ. ಬೇವು ಬೆಲ್ಲ ತಿಂದು, ಹೋಳಿಗೆ ಊಟಕ್ಕೆ ಮೊದಲು ಪುಸ್ತಕ ತೆಗೆದು ಪೂರ್ತಿ ಓದೋದು. ನಡೆಯದ್ದಕ್ಕೆ ಕೆಂಪು ಇಂಕಿನಲ್ಲಿ "ರದ್ದು". ಇದನ್ನು ನಾನು ಎಲ್ಲಕ್ಕಿಂತ ಮುಖ್ಯ ಅಂತೀನಿ. ನಡೆಯದ ನಿಯಮ ಗೋಡೆಯ ಮೇಲೆ ಹಾಗೇ ಇದ್ದರೆ ನಡೆಯುವ ನಿಯಮಕ್ಕೂ ಬೆಲೆ ಹೋಗುತ್ತೆ. ಮೊದಲ ವರ್ಷ ಅರ್ಧಕ್ಕಿಂತ ಜಾಸ್ತಿ ಕೆಂಪಾಯಿತು. ಸಣ್ಣಾಂವನಿಗೆ ಕೆಂಪು ಪೆನ್ನು ಹಿಡಿಯೋದೇ ಹಬ್ಬ. ಉಳಿದದ್ದು ಮಜ್ಜಿಗೆ ಅನ್ನ, ಡಬ್ಬಿ, ರೊಟ್ಟಿ, ಮರುದಿನದ ಮಾತು, ಕಪ್ಪು, ಇಷ್ಟೇ. ದೇವರ ಪೂಜೆಯ ಬಗ್ಗೆ ಯಾವ ಠರಾವೂ ಇಲ್ಲ. ಅತ್ತಿಯವರು ಲಿಂಗಪೂಜೆ ಮಾಡ್ತಾರೆ, ನಮ್ಮನೆಯವರು ಮಾಡಲ್ಲ. ಮಾಡುವವರನ್ನೂ ಮಾಡದವರನ್ನೂ ಯಾರೂ ಆಡಿಕೊಳ್ಳುವಂತಿಲ್ಲ ಅಂತ ಒಂದು ಸಾಲು ಮಾತ್ರ ಇದೆ.

ಹಾವೇರಿಯಲ್ಲಿರುವ ನಮ್ಮ ನಾದಿನಿ ಪುಸ್ತಕ ನೋಡಿ, "ವೈನಿ, ನಿಮ್ಮ ಮನ್ಯಾಗ ಸೀನಾಕೂ ಅರ್ಜಿ ಹಾಕ್ಬೇಕೇನ್ರಿ?" ಅಂತ ಹಾಸ್ಯ ಮಾಡಿದ್ದರು. ಅವರ ಮನೆಯವರದು ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ವ್ಯಾಪಾರ, ಸೀಸನ್ ಬಂದರೆ ಮನೆಗೆ ಬರೋದೇ ಅಪರೂಪ. ಸಭೆ ಎಲ್ಲ ಅಲ್ಲಿ ನಡೆಯೋದಲ್ಲ. ಆದರೆ ಡಬ್ಬಿ ಒಯ್ದರು. ಅವರಲ್ಲಿ ತಿಂಗಳಿಗಲ್ಲ, ಮಾಲು ಮಾರಿದ ದಿನ ಮೊದಲು ಡಬ್ಬಿಗೆ ಹೋಗುತ್ತಂತೆ. ಅವರ ಕಸುಬಿಗೆ ತಕ್ಕ ವಾರ ಅವರಿಗೆ.

ದೊಡ್ಡಾಕಿ ಈಗ ಹತ್ತನೆಯ ತರಗತಿ. ಮುಂದೆ ಪಿಯುಸಿಗೆ ಧಾರವಾಡಕ್ಕೆ ಹೋಗ್ತಾಳಂತೆ, ಹಾಸ್ಟೆಲ್. ಹೋದ ವಾರ ಅವಳೇ ವಿಷಯ ತಂದಳು: ಊರಲ್ಲಿ ಇಲ್ಲದವರ ಮತ ಏನಾಗಬೇಕು? ಸಂಘದ ನಿಯಮ ನನಗೆ ಗೊತ್ತು. ಸದಸ್ಯ ತಾನೇ ಬಂದು ಮತ ಹಾಕಬೇಕು, ಬದಲಿ ಕಳಿಸುವಂತಿಲ್ಲ. ವಿಡಿಯೋ ಕಾಲ್ ಮಾಡಿದರೆ ಹಾಜರಿ ಅಂತ ಹಿಡೀಬೇಕೋ ಬೇಡವೋ, ಅದರ ಮೇಲೆ ಚರ್ಚೆ ಭಾಳ ಹೊತ್ತು ನಡೀತು. ಸಣ್ಣಾಂವ ಬೇಡ ಅಂದ, ಯಾಕಂದರೆ ಅಕ್ಕ ಇಲ್ಲದಿದ್ದರೆ ನಾಯಿಗಳಿಗೆ ಒಂದು ವಿರೋಧ ಕಡಿಮೆ. ನಮ್ಮನೆಯವರು ಆಗಬಹುದು ಅಂದರು. ತೀರ್ಮಾನ ಆಗಿಲ್ಲ, ಮುಂದಿನ ಭಾನುವಾರಕ್ಕೆ ಹೋಗಿದೆ.

ಅತ್ತಿಯವರು ಎಲ್ಲ ಕೇಳಿಸಿಕೊಂಡು ಕೊನೆಗೆ ಹೇಳಿದರು: "ಮತದ್ದು ಆಮ್ಯಾಲ ನೋಡೂಣು. ಜಾತ್ರಿಗೆ ಆಕಿ ಪಾಲಿನ ರೊಟ್ಟಿ ಯಾರ್ ಬಡೀಬೇಕು, ಅದನ್ನ ಮೊದ್ಲ ಬರ್ಕೋರಿ."